ಗಾಳಿ ತಾತ ಬಾಕಿ ಉಳಿಸಿದ ಬೈಗುಳ

ನೀವು ನಂಬುವುದಿಲ್ಲ, ಗೊತ್ತು. ನಮ್ಮ ಕ್ಲಾಸಿನಲ್ಲೂ ಯಾರೂ ನಂಬಲಿಲ್ಲ. ಒಬ್ಬಳಂತೂ ದೇವರ ಮೇಲೆ ಆಣೆ ಇಡು ಅಂದಳು, ಇಟ್ಟೆ, ಆಮೇಲೂ ನಂಬಲಿಲ್ಲ. ಆದರೂ ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ತಾತನ ಮೀಸೆಗೆ ಗಾಳಿ ಓದಲು ಬರುತ್ತಿತ್ತು.

ಅದು ಅಂತಿಂಥ ಮೀಸೆಯಲ್ಲ. ಮೂಗಿನ ಕೆಳಗೆ ಪೊರಕೆಯಷ್ಟು ದಪ್ಪ, ತುದಿಗೆ ಬರುಬರುತ್ತಾ ಜೋಳದ ತೆನೆಯ ರೇಷ್ಮೆಯಷ್ಟು ತೆಳು, ಅಚ್ಚ ಬಿಳಿ. ಎರಡು ತುದಿಗಳೂ ಕೆನ್ನೆ ದಾಟಿ, ಕಿವಿಯ ಯೋಗಕ್ಷೇಮ ವಿಚಾರಿಸಿಕೊಂಡು ವಾಪಸ್ ಬರುತ್ತಿದ್ದವು. (ಅಷ್ಟು ಉದ್ದ ಇರಲಿಲ್ಲ ಎನ್ನುತ್ತಾಳೆ ಅಮ್ಮ. ಅಮ್ಮ ಟೇಪು ಹಿಡಿದು ಅಳೆದಿದ್ದಳೇ?) ತಾತ ಯಾರ ಮನೆಗೇ ಹೋಗಲಿ, ಹೊಸ್ತಿಲ ಮೇಲೆ ನಿಂತು ಗಲ್ಲ ಮೇಲೆತ್ತುತ್ತಿದ್ದರು. ಮೀಸೆಯ ಬಲತುದಿ ಸಣ್ಣಗೆ ನಡುಗುತ್ತಿತ್ತು. ಆಮೇಲೆ ವರದಿ ಹೊರಬೀಳುತ್ತಿತ್ತು.

"ಅಡಿಗೆಮನೆ ಕಿಟಕಿ ತೆಗ್ದಿದೆ. ಹಿತ್ತಲ ಬಾಗ್ಲು ಮುಚ್ಚಿದೆ. ಯಾರೋ ಒದ್ದೆ ಟವಲ್ಲು ಮಂಚದ ಮೇಲೆ ಎಸ್ದಿದಾರೆ."

ಟವಲ್ಲು ಎಸೆದವಳು ಯಾವಾಗಲೂ ನಾನೇ.

ನಾವಿರುವುದು ಕೆಜಿಎಫ್‌ನ ನಂದಿದುರ್ಗ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ. ಗಣಿ ಮುಚ್ಚಿದಾಗ ನಾನು ಹುಟ್ಟಿರಲೇ ಇಲ್ಲ. ಹುಟ್ಟಿದ್ದರೆ ಬಹುಶಃ ಮುಚ್ಚಲು ಬಿಡುತ್ತಿರಲಿಲ್ಲ. ತಾತ ಆ ಗಣಿಯೊಳಗೆ ಗಾಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಚಿನ್ನದ ಕಲ್ಲು ಒಡೆಯುವವರು ಬೇರೆ, ಅಷ್ಟು ಆಳದಲ್ಲಿ ಅವರ ಮೂಗಿಗೆ ಗಾಳಿ ತಲುಪಿಸುವವರು ಬೇರೆ. "ಮೂವತ್ತು ವರ್ಷ ಕೆಳಗಿಳ್ದೆ ಪಾಪಾ, ಒಂದು ಗುಲಗಂಜಿ ಚಿನ್ನ ಮುಟ್ಟಿಲ್ಲ. ಗಾಳಿ ಮಾತ್ರ ಲಾರಿಗಟ್ಲೆ ಹೊತ್ತಿದೀನಿ" ಎನ್ನುತ್ತಿದ್ದರು. ಅದಕ್ಕೇ ಇಡೀ ಲೈನು ಅವರನ್ನು ಗಾಳಿ ತಾತ ಎಂದೇ ಕರೆಯುತ್ತಿತ್ತು. ಅವರ ಕನ್ನಡದಲ್ಲಿ ತಮಿಳು ಹಾಲಿನಲ್ಲಿ ಸಕ್ಕರೆ ಬೆರೆತ ಹಾಗೆ ಬೆರೆತಿತ್ತು. ಹುಡುಗಿಯರೆಲ್ಲ ಅವರಿಗೆ 'ಪಾಪಾ', ನಲವತ್ತು ದಾಟಿದ ನಮ್ಮಮ್ಮನೂ ಸೇರಿ.

ಒಮ್ಮೆ ಬಂಗಾರಪೇಟೆಗೆ ಹೋದಾಗ ನಾವೆಲ್ಲ ಪಾನಿಪುರಿ ಗಾಡಿಯ ಮುಂದೆ ನಿಂತಿದ್ದೆವು. ತಾತ ಬಂದವರೇ ಗಲ್ಲ ಎತ್ತಿದರು. ಆಮೇಲೆ ಗಾಡಿಯವನಿಗೆ, "ತಮ್ಮಾ, ನಿನ್ ಸ್ಟೌ ಹೊಗೆ ಗಿರಾಕಿ ಮೂಗಿಗೆ ಓಯ್ತಾ ಇದೆ, ಗಾಡಿ ತಿರುಗ್ಸು" ಅಂದರು. ಅವನು ನಕ್ಕ. ತಾತ ನಗಲಿಲ್ಲ. ಐದು ನಿಮಿಷದಲ್ಲಿ ಗಾಡಿ, ಗಾಡಿಯ ಛತ್ರಿ, ಗಾಡಿಯ ಎಂಟು ಜನ ಗಿರಾಕಿಗಳು ಎಲ್ಲ ಅರ್ಧ ಸುತ್ತು ತಿರುಗಿ ನಿಂತಿದ್ದೆವು. ಆಮೇಲೆ ತಾತ ಹೆಂಗಸರು ಸೆರಗು ಹಿಡಿದುಕೊಳ್ಳುವ ಹಾಗೆ ಎಡಗೈಯಲ್ಲಿ ಮೀಸೆ ಎತ್ತಿ ಹಿಡಿದು, ಬಲಗೈಯಲ್ಲಿ ಹನ್ನೆರಡು ಪುರಿ ನುಂಗಿದರು. ಒಂದು ಹನಿ ಪಾನಿ ಮೀಸೆಗೆ ತಾಗಲಿಲ್ಲ.

ಈಗ ಮುಖ್ಯ ಕಥೆಗೆ ಬರುತ್ತೇನೆ. ಆಗ ನಾನು ಹತ್ತನೇ ಕ್ಲಾಸು. ಎರಡು ಜಡೆ, ಕೆಂಪು ರಿಬ್ಬನ್ನು, ಲೋಕದ ಅತ್ಯಂತ ಬುದ್ಧಿವಂತ ತಲೆ.

ಅಮ್ಮ ಕಾಮಸಮುದ್ರದ ಕಡೆಯ ಬೇಸಾಯದ ಮನೆಯವಳು. ನನಗೆ ನೆನಪಿರುವಷ್ಟು ವರ್ಷವೂ ಬೆಳಗಿನ ಐದು ಗಂಟೆಯ ಬಸ್ಸು ಹಿಡಿದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಸಂಜೆ ಬಂದಾಗ ಅವಳ ಪಾದ ಎರಡು ಬನ್ನಿನ ಹಾಗೆ ಊದಿರುತ್ತಿತ್ತು. ಒಂದು ದಿನ ಸಾಕೆಂದು ಬಿಟ್ಟಳು. ಮನೆ ಪಕ್ಕದ, ತಗಡಿನ ಶೀಟು ಹೊದಿಸಿದ ಕೋಣೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಳು. ಊರಿನ ಕಾರ್ಖಾನೆಯೊಂದರ ಯೂನಿಫಾರ್ಮುಗಳನ್ನು ಒಗೆಯುವ ಕೆಲಸ ಕೈಗೆ ಬರುವ ಹಾಗಿತ್ತು. ಅದನ್ನು ನೋಡಿಕೊಳ್ಳುವ ಮೇಡಂ ಹುಬ್ಬಳ್ಳಿ ಕಡೆಯವರು, ಮಾತು ಖಡಕ್ಕು. "ಮುಂಜಾನೆ ಎಂಟಕ್ಕ ಕೊಡ್ತೀವ್ರಿ, ಸಂಜೀ ಐದಕ್ಕ ಒಣಗಿ, ಇಸ್ತ್ರಿ ಆಗಿ ಬರಬೇಕು. ಮಳಿ ಅಂತ ಹೇಳಂಗಿಲ್ಲ. ಒಂದು ದಿನ ನೋಡೂಣು. ಆದ್ರ ಕೆಲಸ ನಿಮ್ದು, ಆಗ್ಲಿಲ್ಲಂದ್ರ ರಾಮ್ ರಾಮ್."

ಅದು ಕಾರ್ತಿಕ ಮಾಸ. ಆಕಾಶಕ್ಕೆ ನೆಗಡಿ ಹಿಡಿದ ಹಾಗೆ ವಾರಗಟ್ಟಲೆ ಸುರಿಯುತ್ತಿತ್ತು. ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಗುವ ಬದಲು ಬೇರು ಬಿಡುವ ಹಾಗಿತ್ತು. ಅದಕ್ಕೇ ಬೆಂಗಳೂರಲ್ಲಿ ಕೆಲಸದಲ್ಲಿರುವ ಅಪ್ಪ, ಮುಚ್ಚಿಹೋದ ಯಾವುದೋ ಲಾಡ್ಜಿನಿಂದ ಬಟ್ಟೆ ಒಣಗಿಸುವ ಮಷೀನು ತಂದರು. ಡ್ರೈಯರು. ಒಳಗೆ ಬಟ್ಟೆ ಗಿರಗಿರ ತಿರುಗುತ್ತೆ, ಬಿಸಿಗಾಳಿ ನುಗ್ಗುತ್ತೆ, ಬಟ್ಟೆಯ ತೇವವನ್ನೆಲ್ಲ ಹೊತ್ತು ಹಿಂದಿನ ದೊಡ್ಡ ತೂತಿನಿಂದ ಹೊರಬರುತ್ತೆ. ಆ ತೂತಿಗೆ ಪೈಪು ಜೋಡಿಸಿ ಗಾಳಿಯನ್ನು ಎಲ್ಲಿಗೆ ಬಿಡಬೇಕು ಎಂಬಲ್ಲಿ ಮಹಾಯುದ್ಧ ಶುರುವಾಯಿತು.

ಬಂಗಾರಪೇಟೆಯಿಂದ ಮಷೀನು ಕೂರಿಸಲು ಫಿಟ್ಟರ್ ಬಂದ. ತೆಲುಗು ಬೆರೆತ ಮಾತು, ಕಿವಿಯಲ್ಲಿ ಪೆನ್ಸಿಲ್ಲು, ಹೆಗಲ ಮೇಲೆ ಮಿರಮಿರ ಮಿಂಚುವ ತಗಡುಕಾಗದದ ಸುಕ್ಕುಪೈಪು.

"ಅಕ್ಕಾ, ಸಿಂಪಲ್ಲು. ಪೈಪ್ನ ಹಿಂಗೆ ಸುತ್ತಿ ಅಟ್ಟದೊಳಕ್ಕೆ ಬಿಟ್ಬಿಡಾನ. ಗೋಡೆ ಒಡೆಯೋದು ಯಾಕೆ? ಬಿಸಿಗಾಳಿ ತಾನೆ, ಯಾರ್ನ ಏನ್ ಮಾಡುತ್ತೆ?"

ಹೊಸ್ತಿಲ ಮೇಲಿಂದ ಕೆಮ್ಮು ಕೇಳಿಸಿತು. ತಾತ ಗಲ್ಲ ಎತ್ತಿ ನಿಂತಿದ್ದರು.

"ತಮ್ಮಾ, ಬಿಸಿಗಾಳಿ ಒಂದೇ ಬತ್ತದಾ? ಜೊತೇಲಿ ಯಾರ್ ಬತ್ತಾರೆ ಅಂತ ಕೇಳ್ದ್ಯಾ?"

"ಏಂ ತಾತಾ, ಇದು ನಿಮ್ ಮೈನ್ಸ್ ಅಲ್ಲ. ಬಟ್ಟೆ ಒಣಗ್ಸೋ ಮಿಷನ್ನು."

ತಾತ ಮಷೀನಿನ ಹಿಂದಿನ ತೂತಿಗೆ ಕೈ ತೂರಿಸಿ, ಬೆಕ್ಕಿನ ಮರಿಯಷ್ಟು ದೊಡ್ಡ ಬೂದುಬಣ್ಣದ ಉಂಡೆ ಎಳೆದರು. ಬಟ್ಟೆಗಳಿಂದ ಉದುರಿದ ನಾರಿನ ಹೊಟ್ಟು. ಯಾವ ಮದುಮಗನ ಟವಲ್ಲೋ, ಯಾವ ಗಾಡಿಯವನ ಬೆಡ್‌ಶೀಟೋ, ವರ್ಷಗಟ್ಟಲೆಯ ಲಾಡ್ಜಿನ ಚರಿತ್ರೆ ಅದರಲ್ಲಿತ್ತು. ಅದರಿಂದ ಚಿಟಿಕೆಯಷ್ಟು ಕಿತ್ತು ಅಂಗಳದ ಕಲ್ಲಿನ ಮೇಲಿಟ್ಟು ಬೆಂಕಿಕಡ್ಡಿ ಗೀರಿದರು. ಬುಸ್! ಕಡ್ಡಿ ತಾಗುವ ಮೊದಲೇ ಹೊತ್ತಿಕೊಂಡಿತೇನೋ ಅನ್ನಿಸಿತು. ಫಿಟ್ಟರನ ಪೆನ್ಸಿಲ್ಲು ಕಿವಿಯಿಂದ ಬಿತ್ತು. (ಇದು ಮಾತ್ರ ನಿಜವಾಗಿಯೂ ಬಿತ್ತು.)

"ಇದನ್ನ ನೀನು ಅಟ್ಟದ್ಮೇಲೆ ದಿನಾ ಒಂದೊಂದ್ ಹಿಡಿ ಕೂಡಾಕ್ತೀಯಾ. ಮೇಲೆ ಕರೆಂಟ್ ವೈರು, ಸುತ್ತ ಒಣಮರ, ಕೆಳಗೆ ಈ ಪಾಪ, ಇವಳ್ ಮಗಳು."

ಅಮ್ಮ ಒಂದೇ ಮಾತು ಹೇಳಿದಳು: "ತಾತ ಹೇಳ್ದಂಗೆ ಮಾಡಪ್ಪ."

ಆಮೇಲೆ ಇಡೀ ಮಧ್ಯಾಹ್ನ ಪಾಠ. ಫಿಟ್ಟರ್ ವಿದ್ಯಾರ್ಥಿ, ನಾನು ಮಾನಿಟರ್. ಸುಕ್ಕುಪೈಪು ಮೊದಲ ಪರೀಕ್ಷೆಯಲ್ಲೇ ಫೇಲು. ಒಂದೊಂದು ಸುಕ್ಕಿನಲ್ಲೂ ನಾರು ಕೂತು ಸಂಸಾರ ಹೂಡುತ್ತದಂತೆ. ನುಣುಪಾದ ಗಟ್ಟಿ ತಗಡಿನ ಪೈಪೇ ಬೇಕು. ಅದೂ ಮಷೀನಿಗೆ ಹತ್ತಿರದ ಹಿತ್ತಲ ಗೋಡೆಗೆ ನೇರವಾಗಿ.

"ಪಕ್ಕದ ಗೋಡೇಲಿ ಆಗ್ಲೇ ತೂತು ಐತಲ್ಲ ತಾತಾ, ಎರಡು ತಿರುವು ಕೊಟ್ರೆ ಸಾಕು."

"ಗಾಳಿಗೆ ಮಂಡಿನೋವು ಅನ್ಕೋ ತಮ್ಮಾ. ಒಂದೊಂದ್ ತಿರುವಿಗೂ ಉಸ್ಸಪ್ಪಾ ಅಂತ ಕೂತ್ಕೊಳುತ್ತೆ. ಅದು ಕೂತಲ್ಲಿ ನಾರು ಕೂರುತ್ತೆ. ನಾರು ಕೂತಲ್ಲಿ ಬೆಂಕಿ ಬಂದು ಮಲಗುತ್ತೆ."

ಫಿಟ್ಟರ್ ಜೋಡಣೆಗೆ ಸ್ಕ್ರೂ ತೆಗೆದ. ತಾತ ಅವನ ಕೈ ಹಿಡಿದರು. "ಬೇಡ. ಸ್ಕ್ರೂ ಮೂಗು ಪೈಪಿನೊಳಕ್ಕೆ ಚಾಚುತ್ತೆ. ಮುಳ್ಳುಬೇಲಿಗೆ ನಿನ್ ಪಂಚೆ ಸಿಗಾಕ್ಕೊಂಡಂಗೆ ಬರೋ ನಾರೆಲ್ಲಾ ಅದಕ್ಕೇ ನೇತಾಕ್ಕೊಳುತ್ತೆ." ಹೆಂಚಿನ ಮೇಲೆ ಹೆಂಚು ಹೊದಿಸುವ ಹಾಗೆ, ಹಿಂದಿನ ಪೈಪಿನ ಬಾಯಿ ಮುಂದಿನ ಪೈಪಿನ ಒಳಗೆ, ಗಾಳಿ ಹೋಗುವ ದಿಕ್ಕಿಗೆ. ಮೇಲೆ ಬಿಸಿಗೆ ಬಿಡದ ತಗಡಿನ ಟೇಪು. ಗೋಡೆಯ ಆಚೆ ಬಾಯಿಗೆ ಹಗುರಾದ ಒಂದು ರೆಕ್ಕೆಮುಚ್ಚಳ. ಒಳಗಿನಿಂದ ಗಾಳಿ ಬಂದರೆ ಎದ್ದು ದಾರಿ ಬಿಡುತ್ತದೆ, ನಿಂತರೆ ಟಪ್ಪನೆ ಮುಚ್ಚಿಕೊಳ್ಳುತ್ತದೆ.

"ಆಯ್ತಾ ಸ್ವಾಮಿ?" ಎಂದ ಫಿಟ್ಟರ್ ಬೆವರೊರೆಸುತ್ತಾ.

"ಹೋಗೋ ಗಾಳಿಗೆ ಬಾಗಿಲು ಮಾಡ್ದೆ. ಬರೋ ಗಾಳಿಗೆ? ಒಂದೇ ಬಾಗಿಲಲ್ಲಿ ಅತ್ತೆ ಸೊಸೆ ಇಬ್ರೂ ಓಡಾಡಿದ್ರೆ ಜಗಳ ಆಗ್ದೆ ಇರುತ್ತಾ?"

ಹಾಗೆ ಮುಂಬಾಗಿಲ ಕೆಳಗೆ ಪಟ್ಟಿಪಟ್ಟಿಯಾಗಿ ಸೀಳು ಕೊಯ್ದು ಹೊರಗಿನ ಗಾಳಿಗೆ ದಾರಿ ಆಯಿತು. ಮಷೀನು ಹಚ್ಚಿದರು. ಮುಚ್ಚಳ ಎದ್ದಿತು. ತಾತ ಹಿತ್ತಲಲ್ಲಿ ಅದರ ಮುಂದೆ ಮುಖವೊಡ್ಡಿ ನಿಂತರು. ಮೀಸೆಯ ಎರಡು ತುದಿಗಳೂ ಹಿಂದಕ್ಕೆ ಹಾರಿ ಕಿವಿ ಮುಟ್ಟಿದವು. (ನೋಡಿ, ಆಗಲೇ ಹೇಳಲಿಲ್ಲವೇ ಉದ್ದ ಎಂದು?) "ಪಾಸು" ಅಂದರು ತಾತ.

ಎಲ್ಲವೂ ಸರಿಯಾಗಿತ್ತು. ಆಮೇಲೆ ನಾನು ಬುದ್ಧಿವಂತಿಕೆ ಮಾಡಿದೆ.

ನಮ್ಮ ಹಿತ್ತಲು ಇರುವುದು ಸಯನೈಡ್ ದಿಬ್ಬದ ಕಡೆಗೆ. ಗಣಿಯವರು ಚಿನ್ನ ತೆಗೆದ ಮೇಲೆ ಸುರಿದ ಬೂದಿಮಣ್ಣಿನ ಬೆಟ್ಟ ಅದು. ಗಾಳಿ ಎದ್ದರೆ ಅದರ ದೂಳು ಬಂದು ಅನ್ನದ ತಪ್ಪಲೆಯಲ್ಲೂ ಕೂರುತ್ತದೆ. ಹಾಗಾಗಿ ದಿಬ್ಬದ ಕಡೆಗೆ ತೂತು ಕಂಡರೆ ಬಟ್ಟೆ ಕಟ್ಟುವುದು ನಮ್ಮ ಲೈನಿನಲ್ಲಿ ಹಲ್ಲುಜ್ಜುವಷ್ಟು ಸಹಜ. ಕಿಟಕಿಗೆ ಬಟ್ಟೆ, ಜಂತಿಯ ಸಂದಿಗೆ ಬಟ್ಟೆ, ನೀರಿನ ಡ್ರಮ್ಮಿಗೆ ಬಟ್ಟೆ. ಅವತ್ತು ಸಂಜೆ ಅಮ್ಮ ಹೊಸ ಮುಚ್ಚಳ ನೋಡುತ್ತಾ, "ಬಿಳಿ ಕಾಲರ್ಗೆ ದಿಬ್ಬದ ದೂಳು ಬಂದ್ರೆ ಏನಮ್ಮೀ ಮಾಡಾದು?" ಎಂದಳು. ತಾತ "ಏನೂ ಕಟ್ಬೇಡಿ, ಮುಚ್ಚಳ ನೋಡ್ಕೊಳುತ್ತೆ" ಅಂದಿದ್ದು ನನಗೂ ಕೇಳಿಸಿತ್ತು. ಆದರೆ ಮೂವತ್ತು ವರ್ಷದ ಅನುಭವಕ್ಕಿಂತ ಹದಿನೈದು ವರ್ಷದ ತಲೆ ಚುರುಕು ಎಂದು ನನ್ನ ಅಭಿಪ್ರಾಯವಾಗಿತ್ತು.

ಹಳೆಯ ಸೊಳ್ಳೆಪರದೆಯ ತುಂಡನ್ನು ನಾಲ್ಕು ಮಡಿಕೆ ಮಾಡಿದೆ. ಮುಚ್ಚಳದ ಮೇಲೆ ಹೊದಿಸಿದೆ. ಕಟ್ಟಲು ದಾರ ಸಿಗಲಿಲ್ಲ. ಜಡೆಯ ಕೆಂಪು ರಿಬ್ಬನ್ ಬಿಚ್ಚಿ, ಹೂವಿನ ಗಂಟು ಹಾಕಿ, ಅದರ ಮೇಲೊಂದು ಗಂಟು ಬಿಗಿದೆ. ಯಾರಿಗೂ ಹೇಳಲಿಲ್ಲ. ನಾಳೆ ಮೇಡಂ "ಕಾಲರು ಎಷ್ಟು ಸ್ವಚ್ಛ ಐತ್ರಿ!" ಎಂದಾಗ ಮುಂದೆ ಬಂದು, "ಅದಾ? ಅದು ನನ್ನ ಐಡಿಯಾ" ಎನ್ನುವುದಿತ್ತು. ಆ ಮಾತನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿಕೊಂಡೂ ಇದ್ದೆ.

ಮರುದಿನ ಬೆಳಿಗ್ಗೆ ತಾತ ಬೇತಮಂಗಲದ ಮಗಳ ಮನೆಗೆ ಬಸ್ಸು ಹತ್ತಿದರು. ಎಂಟಕ್ಕೆ ಮೂವತ್ತು ಜೊತೆ ಯೂನಿಫಾರ್ಮ್ ಬಂದವು, ನೀಲಿ ಬಟ್ಟೆ, ಬಿಳಿ ಕಾಲರು. ಹೊರಗೆ ಜಡಿಮಳೆ. ಮಳೆಯೆಂದು ನಮಗೆ ಶಾಲೆಗೂ ರಜೆ, ಹಾಗಾಗಿ ದುರಂತಕ್ಕೆ ನಾನೇ ಪ್ರತ್ಯಕ್ಷಸಾಕ್ಷಿ. ಮೊದಲ ಸರದಿ ಒಣಗಿತು. ಎರಡನೆಯದು ಒಂದು ಗಂಟೆ ತಿರುಗಿದರೂ ತೇವ. ಇನ್ನೊಂದು ಗಂಟೆ. ಆಗಲೂ ಬಟ್ಟೆ ಬಿಸಿ, ಆದರೆ ಒದ್ದೆ, ಇಡ್ಲಿಯ ಬಟ್ಟೆಯ ಹಾಗೆ. ಗೋಡೆ ಬೆವರಿತು. ಮೇಲಿನ ಶೀಟಿನಿಂದ ಹನಿ ತೊಟ್ಟಿಕ್ಕಿತು. ಹೊರಗೆ ಮಳೆ, ಒಳಗೂ ಮಳೆ. ಇಸ್ತ್ರಿ ಹೆಚ್ಚು ಹೊತ್ತು ಇಟ್ಟ ವಾಸನೆ ಬಂತು. ಮಧ್ಯಾಹ್ನ ಒಂದು ಗಂಟೆಗೆ ಮಷೀನು 'ಟಕ್' ಎಂದು ತಾನೇ ಆರಿಹೋಯಿತು.

ಅಮ್ಮ ಪ್ಲಗ್ಗು ಕಿತ್ತಳು, ಫಿಟ್ಟರನಿಗೆ ಫೋನು ಮಾಡಿದಳು. ಆಮೇಲೆ ಒದ್ದೆ ಬಟ್ಟೆಯ ರಾಶಿಯ ಪಕ್ಕ ಕೂತು ತನ್ನ ಪಾದಗಳನ್ನೇ ನೋಡಿದಳು.

"ಐದು ಗಂಟೆ ಬಸ್ಸೇ ನನ್ ಹಣೇಲಿ ಬರ್ದಿರಾದು ಕಣಮ್ಮೀ. ನಾಳೆ ಓಗಿ ಸೂಪರ್‌ವೈಸರ್ ಕಾಲ್ ಹಿಡ್ಕೊತೀನಿ."

ನಾನು ಜೋಕು ಮಾಡದೆ ಇದ್ದದ್ದು ಆ ವರ್ಷದಲ್ಲಿ ಅದೊಂದೇ ಸಲ. ಪರದೆಯ ನೆನಪು ಆಗಲೂ ನನಗೆ ಬರಲಿಲ್ಲ. ಅದು ಬುದ್ಧಿವಂತಿಕೆ ಎಂದು ಬರೆದಿಟ್ಟಿದ್ದೆನಲ್ಲ, ತಪ್ಪುಗಳ ಪಟ್ಟಿಯಲ್ಲಿ ಅದನ್ನು ಹುಡುಕುವುದು ಹೇಗೆ?

ಅರ್ಧ ಗಂಟೆಯಲ್ಲಿ ಫಿಟ್ಟರ್ ಬೈಕಿನಲ್ಲಿ ನೆಂದುಕೊಂಡು ಬಂದ. ಕೋಣೆ ನೋಡಿದವನ ಮುಖ ಹಬ್ಬದ ಹಾಗೆ ಅರಳಿತು. "ನಾನೇಳ್ಲಿಲ್ವಾ ಅಕ್ಕಾ? ಮುದುಕಪ್ಪನ ಮಾತು ಕಟ್ಕೊಂಡ್ರೆ ಹಿಂಗೇ. ಅಟ್ಟಕ್ಕೆ ಬಿಟ್ಟಿದ್ರೆ ಇಷ್ಟೊತ್ಗೆ ಇಸ್ತ್ರೀನೂ ಆಗೋಗ್ತಿತ್ತು."

ಅದೇ ಹೊತ್ತಿಗೆ ಬೇತಮಂಗಲದ ಬಸ್ಸಿಳಿದ ತಾತ ಹೊಸ್ತಿಲ ಮೇಲೆ ನಿಂತರು. ಗಲ್ಲ ಎತ್ತಿದರು. ಮೀಸೆ ಅಲ್ಲಾಡಲಿಲ್ಲ. ಒಂದೇ ಒಂದು ಕೂದಲೂ.

"ಇಲ್ಲಿ ಗಾಳಿ ಸತ್ತೋಗಿದೆ" ಅಂದರು.

ಛತ್ರಿ ತೆಗೆದುಕೊಂಡು ನೇರ ಹಿತ್ತಲಿಗೆ ನಡೆದರು. ಆಗ ನನಗೆ ಹೊಳೆಯಿತು. ಓಡಿದೆ. ಓಟದಲ್ಲಿ ನಾನು ತಾಲೂಕಿಗೆ ಎರಡನೆಯವಳು, ಎಪ್ಪತ್ತು ದಾಟಿದ ತಾತ ಅವತ್ತು ಮೊದಲನೆಯವರು.

ಪರದೆ ಕುಂಬಳಕಾಯಿಯಷ್ಟು ಊದಿ ತೂಗುತ್ತಿತ್ತು. ನೀಲಿ ನಾರು ಹಬೆಯಲ್ಲಿ ನೆಂದು ಕಂಬಳಿಯಂತೆ ಗಟ್ಟಿಯಾಗಿ ತೂತುಗಳನ್ನೆಲ್ಲ ಮುಚ್ಚಿತ್ತು. ಮುಚ್ಚಳ ಏಳಲು ಜಾಗವೇ ಇರಲಿಲ್ಲ. ಈ ಎಲ್ಲದರ ಮೇಲೆ, ಹುಟ್ಟುಹಬ್ಬದ ಉಡುಗೊರೆಗೆ ಕಟ್ಟಿದ ಹಾಗೆ, ಕೆಂಪು ರಿಬ್ಬನ್ನಿನ ಹೂವು.

ತಾತ ರಿಬ್ಬನ್ ನೋಡಿದರು. ನನ್ನ ಜಡೆ ನೋಡಿದರು. ಒಂದು ಜಡೆಗೆ ಕೆಂಪು, ಇನ್ನೊಂದಕ್ಕೆ ರಬ್ಬರ್ ಬ್ಯಾಂಡು. ನಾನು ದಿಬ್ಬ ನೋಡಿದೆ. ದಿಬ್ಬ ಚೆನ್ನಾಗಿತ್ತು.

"ಏನಾಗೈತೆ ತಾತಾ?" ಒಳಗಿಂದ ಅಮ್ಮನ ಕೂಗು. ಹಿಂದೆಯೇ ಫಿಟ್ಟರನ ಚಪ್ಪಲಿಯ ಸದ್ದು.

ತಾತ ಪರದೆಯನ್ನು ಒಂದೇ ಎಳೆತಕ್ಕೆ ಕಿತ್ತು, ಉಂಡೆ ಮಾಡಿ, ಪಂಚೆಯ ಮಡಿಲಿಗೆ ಸಿಕ್ಕಿಸಿಕೊಂಡರು. ಹೊಟ್ಟು ಮಾತ್ರ ಕೈಯಲ್ಲಿ ಉಳಿಯಿತು.

"ನಂದೇ ತಪ್ಪು ಪಾಪಾ" ಎಂದು ಗಟ್ಟಿಯಾಗಿ ಹೇಳಿದರು. "ನಿನ್ನೆ ದೂಳು ಅಂತ ಒಂದು ಬಟ್ಟೆ ಕಟ್ಟಿದ್ದೆ. ಬಿಚ್ಚೋದು ಮರ್ತೋದೆ."

ಫಿಟ್ಟರ್ ಬಿದ್ದು ಬಿದ್ದು ನಕ್ಕ. "ಮೂವತ್ತು ವರ್ಷದ ಸರ್ವೀಸ್ ತಾತಾ! ನಂಗೆ ಪಾಠ ಏಳಿ, ನೀವೇ ಮೂತಿ ಕಟ್ಟಿದ್ರಾ? ಚಾಲಾ ಬಾಗುಂದಿ, ಬಾಳ ಚೆನ್ನಾಗೈತೆ!" ಬಾಗಿಲಲ್ಲಿ ನಿಂತ ಅಮ್ಮ ತಾತನ ಮುಖವನ್ನೇ ನೋಡಿದಳು. ಗಾಳಿಯ ವಿಷಯದಲ್ಲಿ ಮರೆತೆ ಎಂಬ ಮಾತು ಆ ಮೀಸೆಯ ಕೆಳಗಿನಿಂದ ಹಿಂದೆಂದೂ ಬಂದಿರಲಿಲ್ಲ. ತಾತನ ಕಿವಿ ಕೆಂಪಾದದ್ದು ನಾನು ನೋಡಿದೆ. ಬಾಯಿ ತೆರೆದೆ. ತಾತ ನನ್ನ ಕಡೆ ತಿರುಗದೆಯೇ ಹೇಳಿದರು: "ಪಾಪಾ, ಬಾಯಿ ಆಮೇಲೆ. ಮೊದ್ಲು ಗಾಳಿ. ಏಣಿ ತಾ, ಉದ್ದ ಬ್ರಷ್ ತಾ."

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಮಷೀನು ತಣ್ಣಗಾಗುವಷ್ಟರಲ್ಲಿ ತಾತ ಪೈಪು ಬಿಚ್ಚಿಸಿ ಈ ತುದಿಯಿಂದ ಆ ತುದಿಗೆ ಬ್ರಷ್ ಓಡಿಸಿದರು. ನಾನು ಒಳಗಿನ ಜಾಲರಿಯಲ್ಲಿ ಕೂತಿದ್ದ ನಾರನ್ನು ಬಳಿದೆ. ನಕ್ಕು ಮುಗಿಸಿದ ಫಿಟ್ಟರ್ ಟೇಪು ಸುತ್ತಿ, ಬಿಸಿ ಏರಿದಾಗ ಮಷೀನನ್ನು ಆರಿಸುವ ಹಿಂದಿನ ಸಣ್ಣ ಗುಂಡಿಯನ್ನು ಮತ್ತೆ ಒತ್ತಿ ಸಿದ್ಧ ಮಾಡಿದ. ತಾತ ಹಿತ್ತಲಲ್ಲಿ, ಮುಚ್ಚಳದ ಮುಂದೆ, ಛತ್ರಿಯ ಕೆಳಗೆ.

"ಹಚ್ಚು!"

ಗುಂಯ್ ಎಂದಿತು. ಟಪ್! ಮುಚ್ಚಳ ಎದ್ದಿತು. ಪೈಪಿನಲ್ಲಿ ಅಳಿದುಳಿದ ನೀಲಿ ನಾರೆಲ್ಲ ಒಂದೇ ಉಸಿರಿಗೆ ಹಾರಿ ಬಂದು ತಾತನ ಮುಖಕ್ಕೆ ಬಡಿಯಿತು. ಮೀಸೆ ಕಿವಿಗೆ ಹಾರಿತು. ತಿರುಗಿ ಬಂದಾಗ ಅಚ್ಚ ನೀಲಿ.

"ಪಾಸು!" ಎಂದು ಕೂಗಿದರು ತಾತ. ಆ ಕೂಗು ಬಂಗಾರಪೇಟೆಯ ಸ್ಟೇಷನ್ನಿಗೆ ಕೇಳಿಸಿ ಒಂದು ರೈಲು ಹೊರಟೇ ಬಿಟ್ಟಿತಂತೆ.

ಮಿಕ್ಕ ಸರದಿಗಳು ಹಪ್ಪಳದ ಹಾಗೆ ಒಣಗಿದವು. ಅಮ್ಮ ಇಸ್ತ್ರಿ, ನಾನು ಮಡಿಕೆ, ಅಂಗಿಗಳ ಗುಂಡಿ ನೋಡುವುದು ಫಿಟ್ಟರ್. ಹೋಗಬೇಕು ಹೋಗಬೇಕು ಎನ್ನುತ್ತಲೇ ಅವನು ಐದರವರೆಗೂ ಇದ್ದ. ಕೊನೆಯ ಪ್ಯಾಂಟು ಮಡಿಚಿ ಕೈ ತೆಗೆಯುವುದಕ್ಕೂ ಮೇಡಂ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಮೇಡಂ ಒಂದು ಅಂಗಿ ತೆಗೆದು ಕಾಲರನ್ನು ಕೆನ್ನೆಗೆ ಒತ್ತಿದರು. ಇನ್ನೊಂದು. ಮತ್ತೊಂದು. ಜೇಬಿನೊಳಗೆ ಬೆರಳು ತೂರಿಸಿ ತೇವ ಹುಡುಕಿದರು. ಸಿಗಲಿಲ್ಲ. ಕೊನೆಗೆ ಮೂಲೆಯಲ್ಲಿ ಕೂತಿದ್ದ ತಾತನನ್ನು ನೋಡಿ ಥಟ್ಟನೆ ನಿಂತರು.

"ಅಜ್ಜಾರ ಮೀಸಿಗೂ ನಮ್ಮ ಯೂನಿಫಾರ್ಮ್ ಹಾಕೀರೇನ್ರೀ?"

ಇಡೀ ಕೋಣೆ ನಕ್ಕಿತು. ಅಮ್ಮ ಮಾತ್ರ ಸೆರಗು ಬಾಯಿಗಿಟ್ಟು ಗೋಡೆಯ ಕಡೆ ತಿರುಗಿದಳು. "ನಾಳಿಂದ ದಿನಾ ಕಳಸ್ತೀನ್ರೀ ಅಕ್ಕಾರ" ಅಂದರು ಮೇಡಂ. ಅಂದಿನಿಂದ ಇಂದಿನವರೆಗೆ ಐದು ಗಂಟೆಯ ಬಸ್ಸು ನಮ್ಮಮ್ಮನನ್ನು ಬಿಟ್ಟೇ ಹೋಗುತ್ತಿದೆ. ಅವಳು ಮಲಗಿಯೇ ಅದರ ಹಾರನ್ನು ಕೇಳಿ, ಮಗ್ಗುಲು ಬದಲಿಸುತ್ತಾಳೆ.

ಮರುದಿನ ಬೆಳಿಗ್ಗೆ ನಾನು ತಾತನ ಜಗಲಿಯ ಮುಂದೆ ಹೋಗಿ ನಿಂತೆ.

"ಬೈಯ್ರಿ ತಾತಾ."

"ಗಣೀಲಿ ಒಂದು ರೂಲು ಇತ್ತು" ಅಂದರು. ಅದು ಇಡೀ ಲೈನಿಗೆ ಬಾಯಿಪಾಠವಾಗಿದ್ದ ರೂಲು. "ಕೆಳಗಿರೋವಾಗ ಯಾರ್ ತಪ್ಪು ಅಂತ ಕೇಳೋಂಗಿಲ್ಲ. ಮೊದ್ಲು ಗಾಳಿ. ಎಲ್ಲಾರೂ ಮೇಲೆ ಬಂದು, ಮುಖ ತೊಳ್ದು, ಟೀ ಕುಡ್ದ ಮೇಲೆ ಬೈಯೋದು. ನಿನ್ನೆ ನಿಮ್ಮಮ್ಮ ಇನ್ನೂ ಕೆಳಗೇ ಇದ್ಲು ಪಾಪಾ. ಆವಾಗ ನಿನ್ ಹೆಸ್ರು ಹೇಳಿದ್ರೆ ಅರ್ಧ ಗಂಟೆ ಜಗಳ. ಆ ಅರ್ಧ ಗಂಟೆ ನಮ್ ಹತ್ರ ಇರ್ಲಿಲ್ಲ."

"ಈಗ ಮೇಲೆ ಬಂದಾಯ್ತಲ್ಲ, ಬೈಯ್ರಿ."

"ಟೀ ಕುಡ್ದಿಲ್ಲ."

ಓಡಿಹೋಗಿ ಮಾಡಿ ತಂದೆ. ಕುಡಿದರು. ಲೋಟ ಕೆಳಗಿಟ್ಟರು. ಗಲ್ಲ ಎತ್ತಿದರು. "ಸಕ್ಕರೆ ಕಮ್ಮಿ. ನಾಳೆ ಬೈತೀನಿ."

ನಾಳೆ ಶುಂಠಿ ಜಾಸ್ತಿ. ನಾಡಿದ್ದು ಗಾಳಿ ದಿಬ್ಬದ ಕಡೆಯಿಂದ, ಬೈಗುಳ ಸರಿಯಾಗಿ ಕೂರಲ್ಲ. ಆಮೇಲೆ ನನ್ನ ಪರೀಕ್ಷೆ. ಪಾಸಾದೆ. ಪಾಸಾದವಳನ್ನು ಬೈಯುವುದು ಹೇಗೆ? ಕಾಲೇಜಿಗೆ ಸೇರಿದೆ. ಬೇರೆಯವರು ತಪ್ಪು ಮಾಡಿದರೆ ಬೈಗುಳ ತಿನ್ನುತ್ತಾರೆ. ನಾನು ಒಂದು ವರ್ಷ ಟೀ ಮಾಡಿದೆ. ಅಷ್ಟರಲ್ಲಿ ಮುಚ್ಚಳ ನೋಡುವುದು, ಪ್ರತಿ ಸರದಿಗೂ ಜಾಲರಿ ಬಳಿಯುವುದು, ತಿಂಗಳಿಗೊಮ್ಮೆ ಪೈಪಿಗೆ ಬ್ರಷ್ ಬಿಡುವುದು ಎಲ್ಲ ನನ್ನ ಕೈಗೆ ಬಂದಿತ್ತು. ಯಾರೂ ಹೇಳಿರಲಿಲ್ಲ. ಬೈದಿದ್ದರೆ ಮಾಡುತ್ತಿರಲಿಲ್ಲವೇನೋ.

ಫಿಟ್ಟರನ ವಿಷಯ ಕೇಳಿ. ಈಗ ಬಂಗಾರಪೇಟೆಯ ಸುತ್ತಮುತ್ತ ಎಲ್ಲಿ ಡ್ರೈಯರ್ ಕೂರಿಸಿದರೂ ಗಟ್ಟಿ ತಗಡಿನ ನೇರ ಪೈಪೇ. ಗಿರಾಕಿ ಗೊಣಗಿದರೆ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ, "ಗಾಳಿಗೆ ಮಂಡಿನೋವು ಅನ್ಕೋ ಅಣ್ಣಾ" ಎನ್ನುತ್ತಾನಂತೆ, ತನ್ನದೇ ಮಾತಿನ ಹಾಗೆ. ತಾತನಿಗೆ ಹೇಳಿದಾಗ ಮೀಸೆ ತಿರುವಿದರು. "ಗಾಳಿ ಯಾರ್ ಮೂಗಲ್ಲಿ ಹೋದ್ರೇನು ಪಾಪಾ, ಓಡಾಡ್ತಾ ಇದ್ರೆ ಸರಿ."

ಹೋದ ತಿಂಗಳು ಒಂದು ಬೆಳಿಗ್ಗೆ ತಾತ ಏಳಲಿಲ್ಲ. ನಾನು ಟೀ ಹಿಡಿದು ಹೋದಾಗ ಕೋಣೆಯ ಎರಡೂ ಕಿಟಕಿ ತೆರೆದಿದ್ದವು. ಒಂದು ಬರುವ ಗಾಳಿಗೆ, ಒಂದು ಹೋಗುವ ಗಾಳಿಗೆ. ಮೀಸೆಯ ತುದಿ ಆಗಲೂ ಅಲ್ಲಾಡುತ್ತಿತ್ತು. ಅದಕ್ಕೇ ಮೋಸ ಹೋಗಿ, "ಇವತ್ತಾದ್ರೂ ಬೈತೀರಾ?" ಎಂದು ಕೇಳಿಬಿಟ್ಟೆ. ಅವತ್ತೂ ಮಳೆ. ಅವರಿಗೆ ಉಡಿಸುವ ಬಿಳಿ ಪಂಚೆಯನ್ನು ಅಮ್ಮನೇ ಒಗೆದಳು. ನಮ್ಮ ಮಷೀನಿನಲ್ಲಿ ಅದು ಇಪ್ಪತ್ತೇ ನಿಮಿಷದಲ್ಲಿ ಗರಿಗರಿಯಾಗಿ ಒಣಗಿತು. ಹಿತ್ತಲಲ್ಲಿ ಮುಚ್ಚಳ ಟಪ್ ಟಪ್ ಎಂದು ಮಾತಾಡುತ್ತಲೇ ಇತ್ತು. ನಾನು ಅದರ ಮುಂದೆ ಮುಖವೊಡ್ಡಿ ನಿಂತೆ. ನನಗೆ ಮೀಸೆಯಿಲ್ಲ, ಆದರೂ ಗೊತ್ತಾಯಿತು. ಪಾಸು.

ಹೀಗೆ ನನ್ನ ಲೆಕ್ಕದ ಒಂದು ಬೈಗುಳ ತೀರದೆ ಉಳಿದುಹೋಯಿತು. ಅಮ್ಮನಿಗೆ ಇಂದಿಗೂ ಏನೂ ಗೊತ್ತಿಲ್ಲ. ಇಷ್ಟು ದೊಡ್ಡ ಗುಟ್ಟನ್ನು ಇಷ್ಟು ಅಚ್ಚುಕಟ್ಟಾಗಿ ಮುಚ್ಚಿಟ್ಟವಳು ನಂದಿದುರ್ಗದ ಲೈನಿನಲ್ಲೇ ನಾನೊಬ್ಬಳು ಎಂದು ಹೇಳಿಕೊಳ್ಳಲು ನನಗೇನೂ ಸಂಕೋ...

ಅಮ್ಮ ಬಂದಳು. ಬಾಗಿಲಲ್ಲಿ ನಿಂತಿದ್ದಾಳೆ. ಮನೆ ಖಾಲಿ ಮಾಡಲು ಬೇತಮಂಗಲದಿಂದ ತಾತನ ಮಗಳು ಬಂದಿದ್ದಾರೆ, ಬೆಳಗಿನಿಂದ ಅಮ್ಮ ಅಲ್ಲೇ ಇದ್ದಳು. ಕೈಯಲ್ಲಿ ತಾತನದೊಂದು ಹಳೆಯ ಬಿಸ್ಕತ್ತಿನ ಡಬ್ಬಿ.

"ಏನಮ್ಮೀ ಬರೀತಾ ಇದೀಯಾ?"

"ತಾತನ ವಿಷ್ಯ."

"ಎಲ್ಲಾ ಬರ್ದ್ಯಾ?"

"ಹೂಂ."

ಡಬ್ಬಿಯ ಮುಚ್ಚಳ ತೆಗೆದಳು. ಒಗೆದು, ಮಡಿಚಿ, ಜೋಪಾನವಾಗಿ ಇಟ್ಟ ಸೊಳ್ಳೆಪರದೆ. ಅದರ ಮೇಲೆ ಕೆಂಪು ರಿಬ್ಬನ್ನು. ಹೂವಿನ ಗಂಟು, ಅದರ ಮೇಲೊಂದು ಗಂಟು, ಯಾರೂ ಬಿಚ್ಚದೆ ಹಾಗೇ ಇದೆ.

"ಎಲ್ಲಾರೂ ಮೇಲೆ ಬಂದಾಯ್ತು" ಅಂದಳು ಅಮ್ಮ. "ಮುಖ ತೊಳ್ದಿದೀನಿ. ಟೀನೂ ಕುಡ್ದಿದೀನಿ. ಪೆನ್ನು ಕೆಳಗಿಡು."